ಪ್ಲಾಟಿನಂ ಬೆಸುಗೆ: ತೊಳೆಯುವ ಕೆಲಸ ಬೆಂಕಿಗಿಂತ ಮೊದಲು

(ನಗರ್ತಪೇಟೆ, ಚಿಕ್ಕಪೇಟೆ, ಅವೆನ್ಯೂ ರಸ್ತೆ ಕಡೆಯ ಅಕ್ಕಸಾಲಿಗರ ಮುಂದೆ ಬೆಂಗಳೂರಿನಲ್ಲಿ ಆಡಿದ ಮಾತಿನ ಬರಹ ರೂಪ. ಒಂದೇ ಮಾತು ಎರಡು ಸಲ ಬಂದ ಕಡೆ ಕತ್ತರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನಷ್ಟೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಚಿನ್ನದ ಕೆಲಸದವರು. ಹಾಗಾಗಿ ಚಿನ್ನದಿಂದಲೇ ಶುರು ಮಾಡುತ್ತೇನೆ.

ಚಿನ್ನಕ್ಕೆ ಬೆಸುಗೆ ಹಾಕುವಾಗ ಏನು ಮಾಡುತ್ತೇವೆ? ಬಿಳಿಗಾರ (ಬೋರಾಕ್ಸ್) ತೇದು ಹಚ್ಚುತ್ತೇವೆ. ಸೋಲ್ಡರ್ ತುಣುಕು ಇಡುತ್ತೇವೆ. ಊದುತ್ತೇವೆ. ಒಡವೆ ಕಪ್ಪಾಗುತ್ತದೆ. ಆಮೇಲೆ ಆಸಿಡ್‌ಗೆ ಹಾಕಿ ತೆಗೆದರೆ ಬಣ್ಣ ಬರುತ್ತದೆ. ಅಂದರೆ ಕೊಳೆ ತೆಗೆಯುವ ಕೆಲಸ ಬಹುಪಾಲು ಬೆಂಕಿ ಆದ ಮೇಲೆ. ಬೆಂಕಿಯ ಹೊತ್ತಿನಲ್ಲಿ ಸ್ವಲ್ಪ ಆ ಕಡೆ ಈ ಕಡೆ ಆದರೂ ಬಿಳಿಗಾರ ಕಾಪಾಡುತ್ತದೆ.

ಪ್ಲಾಟಿನಂನಲ್ಲಿ ಇದು ತಲೆಕೆಳಗು. ಕಾಯಿಸಿದರೆ ಅದು ಕಪ್ಪಾಗುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಬೆಳ್ಳಗೆ ಹೋಗಿ ಬೆಳ್ಳಗೆ ಬರುತ್ತದೆ. ನೋಡಿದವರಿಗೆ ಎಷ್ಟು ಸುಲಭದ ಲೋಹ ಅನಿಸುತ್ತದೆ. ಆದರೆ ಕಾದ ಪ್ಲಾಟಿನಂ ತನ್ನ ಮೈಮೇಲೆ ಇದ್ದದ್ದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಕಬ್ಬಿಣದ ಪುಡಿ, ಚಿನ್ನದ ಪುಡಿ, ಸೀಸ, ಸತು, ಮಸಿ, ಬೂದಿ, ಯಾವುದಾದರೂ ಸರಿ. ಒಳಗೆ ಹೋದದ್ದು ಆಸಿಡ್‌ಗೆ ಬರುವುದಿಲ್ಲ, ಬಫ್‌ಗೂ ಬರುವುದಿಲ್ಲ. ಅದಕ್ಕೇ ಈ ಲೋಹದಲ್ಲಿ ತೊಳೆಯುವುದು ಮೊದಲು, ಬೆಂಕಿ ಆಮೇಲೆ. ಇವತ್ತು ನಾನು ಹೇಳುವುದೆಲ್ಲ ಇದರ ವಿವರ ಅಷ್ಟೇ.

ಒಳಗೆ ಹೋದರೆ ಏನು ಕೆಡುತ್ತದೆ? ಕೆಲವು ಅಂಕಿ ಕೊಡುತ್ತೇನೆ, ಅವನ್ನು ನೋಡಿದರೆ ಅರ್ಥವಾಗುತ್ತದೆ. ಶುದ್ಧ ಪ್ಲಾಟಿನಂ ಕರಗುವುದು 1768 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಚಿನ್ನ 1064. ಆದರೆ ಪ್ಲಾಟಿನಂಗೆ ರಂಜಕ (ಫಾಸ್ಫರಸ್) ಸೇರಿದರೆ ಅವೆರಡರ ಮಿಶ್ರಣ ಸುಮಾರು 590 ಡಿಗ್ರಿಯಲ್ಲೇ ಕರಗಲು ಶುರು. ಆರ್ಸೆನಿಕ್ ಸೇರಿದರೂ ಹತ್ತಿರ ಹತ್ತಿರ ಅಷ್ಟೇ. ಸಿಲಿಕಾನ್ ಸೇರಿದರೆ ಸುಮಾರು 830. ಸೀಸ ಸೇರಿದರೆ ಇನ್ನೂ ಕೆಳಗೆ. ನಾವು ಪ್ಲಾಟಿನಂ ಮೆದು ಮಾಡಲು ಕಾಯಿಸುವುದೇ ಸಾವಿರ ಡಿಗ್ರಿ ಆಸುಪಾಸಿಗೆ. ಆ ಬಿಸಿಯಲ್ಲಿ ಲೋಹ ಗಟ್ಟಿಯಾಗಿ ಕಾಣುತ್ತದೆ, ಆದರೆ ಒಳಗೆ ಲೋಹದ ಕಾಳು ಕಾಳಿನ ನಡುವಿನ ಸಂದಿಯಲ್ಲಿ ಈ ಮಿಶ್ರಣ ದ್ರವವಾಗಿ ಹರಿಯುತ್ತಿರುತ್ತದೆ. ಅದೇ ಹೊತ್ತಿಗೆ ಸುತ್ತಿಗೆ ಬಿತ್ತೋ, ಲೋಹ ಆ ಸಂದಿಯಲ್ಲೇ ಬಿಚ್ಚಿಕೊಳ್ಳುತ್ತದೆ. ತಣ್ಣಗಾದ ಮೇಲೆ ಬಡಿದರೂ ಅಲ್ಲೇ. ಇದಕ್ಕೆ ಜಾಸ್ತಿ ಕೊಳೆಯೂ ಬೇಕಿಲ್ಲ. ಸಿಲಿಕಾನ್ ಆದರೆ ಸಾವಿರ ಪಾಲಿಗೆ ಒಂದು ಪಾಲು ಕೂಡ ಬೇಡ.

ನಮ್ಮ ಕೆಲಸದವರು ಈ ಬಿರುಕನ್ನು ನೋಡಿ 'ಮಾಲೇ ಸರಿಯಿಲ್ಲ' ಅನ್ನುತ್ತಾರೆ. ಕೆಲವೊಮ್ಮೆ ಅದು ನಿಜವೂ ಇರಬಹುದು. ಆದರೆ ತಂತಿ ಎಳೆದಾಗ, ಬಗ್ಗಿಸಿದಾಗ ಚೆನ್ನಾಗಿದ್ದ ಮಾಲು ಬೆಸುಗೆ ಆದ ಮೇಲೆ ಮಾತ್ರ ಸೀಳಿದರೆ, ಮಾಲು ಕೊಟ್ಟವನನ್ನು ಬೈಯುವ ಮೊದಲು ನಮ್ಮ ಮೇಜು ನೋಡಿಕೊಳ್ಳಬೇಕು.

ಇಲ್ಲಿ ಸ್ವಲ್ಪ ಹಳೆಯ ಕಥೆ ಹೇಳುತ್ತೇನೆ. ಹದಿನೆಂಟನೇ ಶತಮಾನದಲ್ಲಿ ಯುರೋಪಿನವರಿಗೆ ಪ್ಲಾಟಿನಂ ಕರಗಿಸುವಷ್ಟು ಬಿಸಿ ಸಿಗುತ್ತಿರಲಿಲ್ಲ. 1784ರಲ್ಲಿ ಬರ್ಲಿನ್‌ನ ಆಶಾರ್ ಎಂಬ ರಸಾಯನಶಾಸ್ತ್ರಜ್ಞ ಪ್ಲಾಟಿನಂಗೆ ಬೇಕಂತಲೇ ಆರ್ಸೆನಿಕ್ ಸೇರಿಸಿ ಕರಗಿಸಿ, ಮೂಸೆ ಮಾಡಿದ. ಆರ್ಸೆನಿಕ್ ಸೇರಿದರೆ ಬೇಗ ಕರಗುತ್ತದೆ ಅಂತ ಆಗಲೇ ಹೇಳಿದೆನಲ್ಲ, ಅದೇ ಉಪಾಯ. ಆಮೇಲೆ ಗಂಟೆಗಟ್ಟಲೆ ಕಾಯಿಸಿ ಆರ್ಸೆನಿಕ್ ಅನ್ನು ಹೊಗೆಯಾಗಿ ಓಡಿಸುವುದು. ಪ್ಯಾರಿಸ್‌ನ ಅಕ್ಕಸಾಲಿಗ ಜನೆಟಿ ಇದೇ ದಾರಿಯಲ್ಲಿ ದೊರೆಗಳ ಮನೆಗೆ ಪಾತ್ರೆ ಮಾಡುತ್ತಿದ್ದ. ಅವನು 1786ರಲ್ಲಿ ಮಾಡಿದ ಸಕ್ಕರೆ ಬಟ್ಟಲು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಒಳಗೆ ನೀಲಿ ಗಾಜಿನ ಬಟ್ಟಲು, ಹೊರಗೆ ಪ್ಲಾಟಿನಂನ ಜಾಲರಿ. ಎಷ್ಟು ಚೆಂದ! ಆದರೆ ಆ ಹೊಗೆ ಕುಡಿದವರ ಗತಿ ಏನಾಗಿರಬೇಕು ಯೋಚಿಸಿ. ಆರ್ಸೆನಿಕ್ ಸ್ವಲ್ಪ ಉಳಿದುಬಿಟ್ಟರೂ ಪಾತ್ರೆ ಪೆಡಸಾಗುತ್ತಿತ್ತು. ಅವರು ತಿಳಿದೂ ತಿಳಿದೂ ಒಳಗೆ ಬಿಟ್ಟು, ಕಷ್ಟಪಟ್ಟು ಹೊರಗೆ ಓಡಿಸುತ್ತಿದ್ದರು. ನಾವು ತಿಳಿಯದೆ ಒಳಗೆ ಬಿಡುತ್ತೇವೆ, ಅಷ್ಟೇ ವ್ಯತ್ಯಾಸ.

1850ರ ದಶಕದ ಕೊನೆಗೆ ಫ್ರಾನ್ಸ್‌ನ ರಸಾಯನಶಾಸ್ತ್ರಜ್ಞರಾದ ಡೆವಿಲ್ ಮತ್ತು ಡೆಬ್ರೆ ಸುಣ್ಣದ ಕಲ್ಲನ್ನೇ ಕೊರೆದು ಕುಲುಮೆ ಮಾಡಿ, ಜಲಜನಕ ಮತ್ತು ಆಮ್ಲಜನಕದ ಉರಿಯಲ್ಲಿ ಪ್ಲಾಟಿನಂ ಕರಗಿಸಿದರು. ಇದ್ದಿಲು ಇಲ್ಲ, ಜೇಡಿಮಣ್ಣಿನ ಮೂಸೆ ಇಲ್ಲ. ಸುಣ್ಣ ಆ ಬಿಸಿ ತಡೆಯುತ್ತದೆ, ಜೊತೆಗೆ ಕೊಳೆಯನ್ನು ತಾನೇ ಹೀರಿಕೊಳ್ಳುತ್ತದೆ. ಇವತ್ತು ಪ್ಲಾಟಿನಂ ಮೇಜಿಗೆ ಇದ್ದಿಲು ಬೇಡ ಅನ್ನುವುದು ಆ ಕಾಲದಿಂದ ಬಂದ ಬುದ್ಧಿ.

ಇನ್ನು ಉರಿಯ ವಿಷಯ. ನನ್ನ ಲೆಕ್ಕದಲ್ಲಿ ಇದೇ ಮುಖ್ಯ, ಅದಕ್ಕೆ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಬಿಳಿಗಾರ ಪ್ಲಾಟಿನಂಗೆ ವಿಷ ಅಂತ ಬಹಳ ಜನ ನಂಬಿದ್ದಾರೆ. ಮರಳು, ಅಂದರೆ ಸಿಲಿಕಾ, ವಿಷ ಅಂತಲೂ ಹೇಳುತ್ತಾರೆ. ಹಾಗಾದರೆ ಒಂದು ವಿಚಾರ ನೋಡಿ. ಸಿಮೆಂಟ್, ಅದಿರು ಪರೀಕ್ಷೆ ಮಾಡುವ ಲ್ಯಾಬ್‌ಗಳಲ್ಲಿ ಪ್ಲಾಟಿನಂ ಮೂಸೆಯೊಳಗೇ ಬೋರೇಟ್, ಅಂದರೆ ಬಿಳಿಗಾರದ ಜಾತಿಯದೇ ಪುಡಿ, ಹಾಕಿ, ಅದರಲ್ಲಿ ಕಲ್ಲಿನ ಪುಡಿ ಕರಗಿಸುತ್ತಾರೆ. ಕಲ್ಲಿನ ಪುಡಿಯಲ್ಲಿ ಎಷ್ಟೋ ಸಲ ದೊಡ್ಡ ಪಾಲು ಸಿಲಿಕಾವೇ ಇರುತ್ತದೆ. ದಿನವೂ ಮಾಡುತ್ತಾರೆ. ಮೂಸೆ ಚೆನ್ನಾಗಿಯೇ ಇರುತ್ತದೆ. ಮತ್ತೆ ನಮ್ಮ ಉಂಗುರ ಯಾಕೆ ಸೀಳುತ್ತದೆ?

ಉತ್ತರ ಉರಿಯಲ್ಲಿದೆ. ಸಿಲಿಕಾ ಸಿಲಿಕಾ ಆಗಿಯೇ ಇದ್ದರೆ ಪ್ಲಾಟಿನಂಗೆ ಏನೂ ಮಾಡುವುದಿಲ್ಲ. ಉರಿಯಲ್ಲಿ ಗ್ಯಾಸ್ ಜಾಸ್ತಿ, ಆಕ್ಸಿಜನ್ ಕಡಿಮೆ ಇದ್ದರೆ, ಅರೆಬೆಂದ ಗ್ಯಾಸ್ ಮತ್ತು ಮಸಿ ಆ ಸಿಲಿಕಾದಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತವೆ. ಆಗ ಉಳಿಯುವುದು ಸಿಲಿಕಾನ್. ಅದು ನೇರ ಪ್ಲಾಟಿನಂ ಒಳಗೆ. ಫಾಸ್ಫೇಟ್ ಇದ್ದರೆ ರಂಜಕ ಹೊರಬರುತ್ತದೆ. ಬಿಳಿಗಾರ ಇದ್ದರೆ ಬೋರಾನ್ ಹೊರಬರಬಹುದು. ಕೊಳೆ ಒಂದೇ ಇದ್ದರೆ ಅರ್ಧ ತೊಂದರೆ. ಕೊಳೆಯ ಜೊತೆ ಹೊಗೆಯ ಉರಿ ಸೇರಿದರೆ ಪೂರ್ತಿ ತೊಂದರೆ.

ಹಳೆಯ ರಸಾಯನಶಾಸ್ತ್ರದ ಮೇಷ್ಟ್ರುಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಪ್ಲಾಟಿನಂ ಮೂಸೆಗೆ ಹಳದಿ ಉರಿ ತೋರಿಸಬಾರದು, ನೀಲಿ ಉರಿಯ ಒಳಗಿನ ಕೊಂಬು ತಾಗಬಾರದು ಅನ್ನುವುದು ಲ್ಯಾಬ್‌ನ ಮೊದಲ ಪಾಠ. ಸೋಸುವ ಕಾಗದದಲ್ಲಿ ಫಾಸ್ಫೇಟ್ ಇದ್ದರೆ, ಕಾಗದವನ್ನು ಸಣ್ಣ ಉರಿಯಲ್ಲಿ ಪೂರ್ತಿ ಸುಟ್ಟು ಬೂದಿ ಮಾಡಿದ ಮೇಲೇ ಜೋರು ಬಿಸಿ. ಕೆಂಪಗೆ ಕಾದ ಮೂಸೆಯನ್ನು ಕಬ್ಬಿಣದ ಇಕ್ಕಳದಲ್ಲಿ ಹಿಡಿದರೆ ಬೈಗುಳ ಗ್ಯಾರಂಟಿ. ಈ ನಿಯಮ ಎಲ್ಲವೂ ನಮ್ಮ ಉಂಗುರಕ್ಕೂ ಹಾಗೇ ಅನ್ವಯ. ಒಂದು ಅಕ್ಷರ ಬದಲಿಸಬೇಕಿಲ್ಲ.

ಈಗ ಇದ್ದಿಲು ಯಾಕೆ ಬೇಡ ಅಂತ ನಿಮಗೇ ಹೊಳೆದಿರಬೇಕು. ಇದ್ದಿಲು ಅಂದರೆ ಇಂಗಾಲ. ಅದರ ಬೂದಿಯಲ್ಲಿ ಸಿಲಿಕಾ ಇದೆ, ಫಾಸ್ಫೇಟ್ ಇದೆ. ಕಳ್ಳನೂ ಅಲ್ಲೇ, ಬೀಗದ ಕೈಯೂ ಅಲ್ಲೇ. ಜೊತೆಗೆ ಪ್ಲಾಟಿನಂ ಕರಗಿದರೆ ಇಂಗಾಲವನ್ನೂ ಸ್ವಲ್ಪ ಕರಗಿಸಿಕೊಳ್ಳುತ್ತದೆ. ತಣ್ಣಗಾಗುವಾಗ ಅದನ್ನು ಗ್ರಾಫೈಟ್ ಆಗಿ ಉಗುಳುತ್ತದೆ. ಸಂದಿಯಲ್ಲಿ ಗ್ರಾಫೈಟ್ ಕೂತರೆ ಮತ್ತೆ ಪೆಡಸು. ಅದಕ್ಕೇ ಗ್ರಾಫೈಟ್ ಮೂಸೆಯೂ ಬೇಡ. ಇದ್ದಿಲ ಬದಲು ಅಲ್ಯುಮಿನಾ ಅಥವಾ ಜಿರ್ಕೋನಿಯಾ ಸೆರಾಮಿಕ್ ತುಂಡು ಇಟ್ಟುಕೊಳ್ಳಿ. ಅದನ್ನು ಪ್ಲಾಟಿನಂಗೆ ಮಾತ್ರ ಇಡಿ. ಒಂದು ಸಲ ಅದರ ಮೇಲೆ ಚಿನ್ನದ ಸೋಲ್ಡರ್ ಕರಗಿತೋ, ಅದನ್ನು ಚಿನ್ನದ ಕಡೆಗೇ ಕೊಟ್ಟುಬಿಡಿ.

ಯಾವ ಗ್ಯಾಸ್? ಜಲಜನಕ ಮತ್ತು ಆಕ್ಸಿಜನ್ ಇದ್ದರೆ ಅದಕ್ಕಿಂತ ಚೊಕ್ಕ ಇಲ್ಲ, ಅದರಲ್ಲಿ ಇಂಗಾಲವೇ ಇಲ್ಲ. ನಮ್ಮ ಪೇಟೆಯಲ್ಲಿ ಹೆಚ್ಚಿನವರ ಹತ್ತಿರ ಇರುವುದು ಎಲ್‌ಪಿಜಿ ಮತ್ತು ಆಕ್ಸಿಜನ್. ಅದೂ ಆಗುತ್ತದೆ. ಆಕ್ಸಿಜನ್ ಸ್ವಲ್ಪ ಮುಂದೆ ಇರಬೇಕು. ಉರಿ ಚಿಕ್ಕದಾಗಿ, ಚೂಪಾಗಿ, ನೀಲಿಯಾಗಿ ಇರಬೇಕು, ಸುಯ್ ಅಂತ ಸದ್ದು ಬರಬೇಕು. ಒಳಗಿನ ನೀಲಿ ಕೊಂಬಿನ ತುದಿಯಿಂದ ಸ್ವಲ್ಪ ಆಚೆಗೆ ಒಡವೆ ಹಿಡಿಯಿರಿ. ಕೊಂಬಿನೊಳಗೆ ತೂರಿಸಬೇಡಿ, ಅಲ್ಲಿ ಇನ್ನೂ ಸುಡದ ಗ್ಯಾಸ್ ಇರುತ್ತದೆ. ಅಸಿಟಿಲಿನ್ ಬೇಡವೇ ಬೇಡ. ಬಿಸಿ ಬರುತ್ತದೆ ನಿಜ, ಮಸಿಯೂ ಬರುತ್ತದೆ. ಬೆಂಕಿ ಹಚ್ಚುವಾಗಲೂ ಒಂದು ಅಭ್ಯಾಸ ಇರಲಿ: ಉರಿಯನ್ನು ಪಕ್ಕಕ್ಕೆ ಹಿಡಿದು ಸರಿ ಮಾಡಿಕೊಂಡು, ಆಮೇಲೆ ಒಡವೆ ಕಡೆ ತಿರುಗಿಸಿ. ಹಳದಿ ಉರಿಯನ್ನು ಒಡವೆ ಮೇಲೇ ಹಚ್ಚಿ ಆಕ್ಸಿಜನ್ ತಿರುಗಿಸುತ್ತಾ ಕೂರುವವರನ್ನು ಎಷ್ಟೋ ಕಡೆ ನೋಡಿದ್ದೇನೆ.

ಬಿಳಿಗಾರದ ಮಾತು ಮುಗಿಸಿಬಿಡುತ್ತೇನೆ. ಪ್ಲಾಟಿನಂಗೆ ಅದು ಬೇಕಾಗಿಯೇ ಇಲ್ಲ. ಬಿಳಿಗಾರದ ಕೆಲಸ ಲೋಹ ಕಪ್ಪಾಗದಂತೆ ತಡೆಯುವುದು. ಕಪ್ಪಾಗದ ಲೋಹಕ್ಕೆ ಯಾಕೆ? ಸುಮ್ನೆ ಹಚ್ಚಿದರೆ ಅದು ಗಾಜಾಗಿ ಅಂಟಿಕೊಂಡು, ಮೇಜಿನ ಪುಡಿಯನ್ನೆಲ್ಲ ಹಿಡಿದಿಟ್ಟುಕೊಂಡು ಕೂರುತ್ತದೆ.

ಈಗ ಮೇಜಿಗೆ ಬರೋಣ. ಹಿಂದಿನ ಕಾಲದ ಅಡುಗೆಮನೆಯಲ್ಲಿ ಮಡಿ ಪಾತ್ರೆ ಬೇರೆ, ಮೈಲಿಗೆ ಪಾತ್ರೆ ಬೇರೆ ಇಡುತ್ತಿದ್ದರಲ್ಲ, ಪ್ಲಾಟಿನಂ ಮೇಜು ಹಾಗಿರಬೇಕು. ವ್ಯತ್ಯಾಸ ಏನೆಂದರೆ ಇಲ್ಲಿಯ ಮಡಿಗೆ ಕಾರಣ ಇದೆ, ಲೋಹ ಅದನ್ನು ತಾನೇ ಸೀಳಿ ತೋರಿಸುತ್ತದೆ.

ಅರ ಬೇರೆ. ಚಿನ್ನ ಉಜ್ಜಿದ ಅರದ ಹಲ್ಲಿನಲ್ಲಿ ಚಿನ್ನ ಕೂತಿರುತ್ತದೆ, ಬೆಳ್ಳಿ ಕೂತಿರುತ್ತದೆ. ಹಳೆಯ ಕೆಡಿಎಂ ಒಡವೆ, ಅಂದರೆ ಕ್ಯಾಡ್ಮಿಯಂ ಸೇರಿಸಿ ಬೆಸೆದ ಒಡವೆ, ಉಜ್ಜಿದ್ದರೆ ಕ್ಯಾಡ್ಮಿಯಂ ಕೂಡ. ಅದೇ ಅರದಲ್ಲಿ ಪ್ಲಾಟಿನಂ ಉಜ್ಜಿದರೆ ಆ ಪುಡಿ ಪ್ಲಾಟಿನಂಗೆ ಮೆತ್ತಿಕೊಳ್ಳುತ್ತದೆ. ಪ್ಲಾಟಿನಂ ಮೆದು, ಅಂಟಿನ ಗುಣದ್ದು, ಕೊಟ್ಟದ್ದನ್ನೆಲ್ಲ ಇಟ್ಟುಕೊಳ್ಳುತ್ತದೆ. ಎಮರಿ ಕಾಗದ ಬೇರೆ, ಬಫ್ ಬೇರೆ, ಬ್ರಷ್ ಬೇರೆ. ಅಲ್ಟ್ರಾಸಾನಿಕ್ ತೊಳೆಯುವ ಯಂತ್ರದ ನೀರು ಬೇರೆ ಇಟ್ಟರೆ ಇನ್ನೂ ಒಳ್ಳೆಯದು. ಪಾಲಿಶ್ ಮಾಡುವ ಕೆಂಪು ರೂಜ್ ಅಂದರೆ ಕಬ್ಬಿಣದ ತುಕ್ಕು, ಅದನ್ನು ಮರೆಯಬೇಡಿ. ಸಿಲಿಕೋನ್ ರಬ್ಬರ್ ಚಕ್ರದಲ್ಲಿ ಉಜ್ಜಿದ ಮೇಲೆ ಒಡವೆಯನ್ನು ಹಾಗೇ ಉರಿಗೆ ಹಿಡಿದರೆ ಏನಾಗುತ್ತದೆ ಅಂತ ಈಗ ನೀವೇ ಹೇಳಬಲ್ಲಿರಿ. ಮಾರ್ಕರ್ ಗೆರೆ, ಪೆನ್ಸಿಲ್ ಗೆರೆ, ಬೆರಳಿನ ಜಿಡ್ಡು ಎಲ್ಲ ತೊಳೆದು ಹೋಗಬೇಕು.

ಕಬ್ಬಿಣದ ಪುಡಿ ಕಣ್ಣಿಗೆ ಕಾಣುವುದಿಲ್ಲ. ಗರಗಸದ ಬ್ಲೇಡಿನಿಂದ, ಇಕ್ಕಳದಿಂದ, ಉಂಗುರದ ಕೋಲಿನಿಂದ ಬಂದು ಕೂತಿರುತ್ತದೆ. ಇದನ್ನು ತೆಗೆಯಲು ಕಾಯಿಸುವ ಮೊದಲು ನೀರು ಬೆರೆಸಿದ ನೈಟ್ರಿಕ್ ಆಸಿಡ್‌ನಲ್ಲಿ ಸ್ವಲ್ಪ ಬೆಚ್ಚಗೆ ಇಟ್ಟರೆ ಸಾಕು. ಕಬ್ಬಿಣ, ತಾಮ್ರ, ಬೆಳ್ಳಿ ಕರಗಿ ಹೋಗುತ್ತವೆ. ಪ್ಲಾಟಿನಂಗೆ ಏನೂ ಆಗುವುದಿಲ್ಲ. ಚಿನ್ನದ ಪುಡಿ ಮಾತ್ರ ಇದಕ್ಕೆ ಜಗ್ಗುವುದಿಲ್ಲ, ಅದನ್ನು ಚೊಕ್ಕ ಅರದಲ್ಲಿ ಉಜ್ಜಿಯೇ ತೆಗೆಯಬೇಕು. ಅದೇ ಪಾತ್ರೆಗೆ ಹೈಡ್ರೋಕ್ಲೋರಿಕ್ ಆಸಿಡ್ ಬೀಳದಂತೆ ನೋಡಿಕೊಳ್ಳಿ. ಎರಡೂ ಸೇರಿದರೆ ಪ್ಲಾಟಿನಂ ಕೂಡ ಕರಗುತ್ತದೆ. ಕೆಳಗೆ ಕಾರ್ಖಾನೆ ಮೇಲೆ ಮನೆ ಇರುವ ಓಣಿಗಳು ನಮ್ಮವು. ಹೊಗೆ ಎಳೆಯುವ ಫ್ಯಾನ್ ಇಲ್ಲದೆ ಆಸಿಡ್ ಕೆಲಸ ಮಾಡಬೇಡಿ. ಆಸಿಡ್ ಅನ್ನು ನೀರಿಗೆ ಹಾಕಬೇಕು, ನೀರನ್ನು ಆಸಿಡ್‌ಗೆ ಹಾಕಬಾರದು.

ಕಾದ ಒಡವೆ ಹಿಡಿಯಲು ಸ್ಟೀಲ್ ಚಿಮುಟ ಬೇಡ. ಕೆಂಪು ಬಿಸಿಯಲ್ಲಿ ಕಬ್ಬಿಣ ಅಂಟಿಕೊಳ್ಳುತ್ತದೆ. ಟಂಗ್‌ಸ್ಟನ್ ತುದಿಯ ಚಿಮುಟ ಸಿಗುತ್ತದೆ, ಬೆಲೆ ಸ್ವಲ್ಪ ಜಾಸ್ತಿ. ಸೋಲ್ಡರ್ ಸರಿಸುವ ಕಡ್ಡಿಗಾದರೆ ಅಷ್ಟು ಖರ್ಚಿಲ್ಲ. ಎಸ್‌ಜೆಪಿ ರಸ್ತೆ ಕಡೆ ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಟಿಗ್ ವೆಲ್ಡಿಂಗ್‌ನ ಟಂಗ್‌ಸ್ಟನ್ ಕಡ್ಡಿ ಕೇಳಿ, ಚೂಪು ಮಾಡಿ, ಮರದ ಹಿಡಿ ಹಾಕಿಕೊಳ್ಳಿ. ಕೆಂಪು ತುದಿಯ ಕಡ್ಡಿ ಮಾತ್ರ ತರಬೇಡಿ. ಅದರಲ್ಲಿ ಥೋರಿಯಂ ಇರುತ್ತದೆ, ಉಜ್ಜಿದ ಧೂಳು ಉಸಿರಿಗೆ ಒಳ್ಳೆಯದಲ್ಲ.

ಕಣ್ಣಿನ ಬಗ್ಗೆ ಒಂದೇ ಮಾತು. ಬೆಸುಗೆಯ ಬಿಸಿಯಲ್ಲಿ ಪ್ಲಾಟಿನಂ ಬಲ್ಬಿನ ಹಾಗೆ ಬೆಳಗುತ್ತದೆ. ಕಪ್ಪು ವೆಲ್ಡಿಂಗ್ ಗಾಜು ಹಾಕಿಕೊಳ್ಳದೆ ನೋಡಬೇಡಿ. ತಂಪು ಕನ್ನಡಕ ಸಾಲದು.

ಸೋಲ್ಡರ್ ಯಾವುದು? ಪ್ಲಾಟಿನಂ ಸೋಲ್ಡರ್‌ಗಳನ್ನು ಬಿಸಿಯ ಅಂಕಿಯಿಂದ ಕರೆಯುತ್ತಾರೆ: 1300, 1500, 1700 ಹೀಗೆ. ಕೆಳಗಿನ ಅಂಕಿಯವುಗಳಲ್ಲಿ ಪ್ಲಾಟಿನಂ ಕಡಿಮೆ. ಚಿನ್ನ, ಬೆಳ್ಳಿ, ಪಲ್ಲಾಡಿಯಂ ಜಾಸ್ತಿ. ಸುಲಭವಾಗಿ ಹರಿಯುತ್ತವೆ, ಆದರೆ ಬಣ್ಣ ಹೊಂದುವುದಿಲ್ಲ. ದಿನ ಕಳೆದಂತೆ ಅಲ್ಲೊಂದು ಗೆರೆ ಎದ್ದು ಕಾಣುತ್ತದೆ. ಮೊದಲ ಬೆಸುಗೆಗೆ ಎತ್ತರದ ಅಂಕಿ ಬಳಸಿ. ಇನ್ನೊಂದು ವಿಷಯ, ಚಿನ್ನದ ಸೋಲ್ಡರ್ ಹಾಗೆ ಇದು ಸಂದಿ ಹುಡುಕಿಕೊಂಡು ಓಡುವುದಿಲ್ಲ. ಸಂದಿ ಬಿಗಿಯಾಗಿರಬೇಕು. ಎರಡು ತುದಿ ಸೇರಿಸಿ ದೀಪಕ್ಕೆ ಹಿಡಿದರೆ ಬೆಳಕು ತೂರಬಾರದು. ಉಂಗುರ ಸೈಜ್ ಮಾಡುವಾಗ ನನಗೆ ಇಷ್ಟವಾದ ದಾರಿ ಬೇರೆ. ಅದೇ ಪ್ಲಾಟಿನಂನ ತೆಳು ತಗಡನ್ನು ಸಂದಿಯಲ್ಲಿ ಸಿಕ್ಕಿಸಿ, ನೇರ ಕರಗಿಸಿ ಒಂದು ಮಾಡುವುದು. ಸೋಲ್ಡರ್ ಇಲ್ಲ, ಗೆರೆ ಇಲ್ಲ, ಸಾವಿರಕ್ಕೆ 950 ಪಾಲು ಪ್ಲಾಟಿನಂ ಅನ್ನುವ ಪಿಟಿ 950 ಮುದ್ರೆಗೂ ಮೋಸವಿಲ್ಲ.

ಪ್ಲಾಟಿನಂ ಮತ್ತು ಚಿನ್ನ ಎರಡೂ ಇರುವ ಒಡವೆಯಾದರೆ ಕ್ರಮ ಮುಖ್ಯ. ಪ್ಲಾಟಿನಂನ ಬೆಸುಗೆ ಎಲ್ಲ ಮೊದಲು ಮುಗಿಸಿ, ಚಿನ್ನವನ್ನು ಕೊನೆಗೆ ಸೇರಿಸಿ. ಒಂದು ಸಲ ಚಿನ್ನ ತಾಗಿದ ಮೇಲೆ ಮತ್ತೆ ಪ್ಲಾಟಿನಂ ಬಿಸಿಗೆ ಹೋಗುವ ಹಾಗಿಲ್ಲ. ಕರಗಿದ ಚಿನ್ನ ಪ್ಲಾಟಿನಂ ಅನ್ನು ತಿಂದು ಗುಳಿ ಮಾಡುತ್ತದೆ.

ಲೇಸರ್ ಬಗ್ಗೆ ಕೇಳಲು ಬಹಳ ಜನ ಕಾಯುತ್ತಿದ್ದೀರಿ. ಪ್ಲಾಟಿನಂಗೆ ಲೇಸರ್ ಹೇಳಿ ಮಾಡಿಸಿದ ಹಾಗಿದೆ. ಚಿನ್ನ, ಬೆಳ್ಳಿ ಬಿಸಿಯನ್ನು ಬೇಗ ಊರೆಲ್ಲ ಹಂಚುತ್ತವೆ. ಪ್ಲಾಟಿನಂ ಚಿನ್ನದ ಕಾಲು ಭಾಗದಷ್ಟೂ ಹಂಚುವುದಿಲ್ಲ. ಬಿಸಿ ಬಿದ್ದ ಕಡೆಯೇ ನಿಲ್ಲುತ್ತದೆ. ಅದಕ್ಕೇ ಬೆರಳಲ್ಲಿ ಹಿಡಿದುಕೊಂಡೇ, ಹರಳಿನ ಪಕ್ಕದಲ್ಲೇ ಕೆಲಸ ಮಾಡಬಹುದು. ಆದರೆ ಲೇಸರ್ ಇದೆ ಅಂತ ತೊಳೆಯುವುದನ್ನು ಬಿಟ್ಟವರೂ ಇದ್ದಾರೆ. ಲೇಸರ್‌ನ ಚುಕ್ಕೆ ಕಣ್ಣು ಮಿಟುಕಿಸುವುದರೊಳಗೆ ಕರಗಿ ಗಟ್ಟಿಯಾಗುತ್ತದೆ. ಅಲ್ಲಿದ್ದ ಜಿಡ್ಡು ಸುಟ್ಟು ಮಸಿಯಾಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಹೊರಗೆ ಬರಲು ಸಮಯವೇ ಇರುವುದಿಲ್ಲ. ತುಂಬುವ ತಂತಿ ಅದೇ ಮಿಶ್ರಣದ್ದಾಗಿರಲಿ. ಟಂಗ್‌ಸ್ಟನ್ ಮೊನೆಯ ಮೈಕ್ರೋ ವೆಲ್ಡರ್ ಆದರೆ ಮೊನೆ ಅಂಟಿಕೊಂಡು ಮುರಿದರೆ ಅಲ್ಲಿಗೇ ನಿಲ್ಲಿಸಿ, ಆ ಚೂರನ್ನು ಕೊರೆದು ತೆಗೆದು, ಮೊನೆ ಮತ್ತೆ ಚೂಪು ಮಾಡಿಕೊಂಡು ಮುಂದುವರಿಸಿ.

ಇನ್ನು ಪ್ರಶ್ನೆಗಳು.

ಮುಂದಿನ ಸಾಲಿನ ಹಿರಿಯರೊಬ್ಬರು ಕೇಳಿದರು: 'ರಿಪೇರಿಗೆ ಬಂದ ಹಳೇ ಉಂಗುರಕ್ಕೆ ಹಿಂದೆ ಯಾರು ಏನು ಹಾಕಿದ್ದಾರೋ, ನಮಗೆ ಹೇಗೆ ಗೊತ್ತಾಗಬೇಕು ಸ್ವಾಮಿ?'

ಒಳ್ಳೆಯ ಪ್ರಶ್ನೆ ಯಜಮಾನ್ರೇ. ಹೆಚ್ಚಿನ ಅನಾಹುತ ಆಗುವುದೇ ಅಲ್ಲಿ. ಉರಿ ಹಚ್ಚುವ ಮೊದಲು ಹಿಂಬದಿಯನ್ನು ಸಣ್ಣ ಎಮರಿಯಲ್ಲಿ ಉಜ್ಜಿ, ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್‌ನಲ್ಲಿ ನೋಡಿ. ಹಳೆಯ ಬೆಸುಗೆ ಬೇರೆ ಬಣ್ಣದ ಗೆರೆಯಾಗಿ ಕಾಣುತ್ತದೆ. ಮೇಲೆ ರೋಡಿಯಂ ಲೇಪ ಇದ್ದರೆ ಉಜ್ಜದೆ ಕಾಣುವುದಿಲ್ಲ. ಗೆರೆ ಸಿಕ್ಕರೆ ಎರಡೂ ಬದಿಯಲ್ಲಿ ಸ್ವಲ್ಪ ಬಿಟ್ಟು ಆ ತುಂಡನ್ನೇ ಕತ್ತರಿಸಿ ತೆಗೆದು, ಹೊಸ ಪ್ಲಾಟಿನಂ ಕೂರಿಸಿ. ಮಂಕಾದ ಬೂದು ಬಣ್ಣ, ಸೂಜಿಯಲ್ಲಿ ಕೆರೆದರೆ ಗೀರು ಬೀಳುವಷ್ಟು ಮೆದು ಇದ್ದರೆ ಅದು ಸೀಸ ತವರದ ಬೆಸುಗೆ. ಅದರ ಒಂದು ಚುಕ್ಕೆ ಉಳಿದಿದ್ದರೂ ಟಾರ್ಚ್ ಮುಟ್ಟಬೇಡಿ.

ಒಬ್ಬ ಹೆಣ್ಣುಮಗಳು, ಒಡವೆ ವಿನ್ಯಾಸ ಕಲಿಯುತ್ತಿರುವವರು, ಕೇಳಿದರು: 'ಸರ್, ವಜ್ರ ತೆಗೆಯದೆ ಟಾರ್ಚ್‌ನಲ್ಲಿ ಮಾಡಬಹುದಾ?'

ಬೇಡಮ್ಮ. ವಜ್ರವೂ ಇಂಗಾಲವೇ. ಗಾಳಿಯಲ್ಲಿ 800 ಡಿಗ್ರಿ ಆಸುಪಾಸಿನಲ್ಲೇ ಸುಡಲು ಶುರುವಾಗುತ್ತದೆ, ಮೈ ಮಂಕಾಗುತ್ತದೆ. ಪ್ಲಾಟಿನಂ ಬೆಸುಗೆ ಅದರ ಎರಡರಷ್ಟು ಹತ್ತಿರಕ್ಕೆ ಹೋಗುತ್ತದೆ. ಹರಳು ಬಿಚ್ಚಿ, ಇಲ್ಲವೇ ಲೇಸರ್ ಇರುವವರ ಹತ್ತಿರ ಕಳಿಸಿ.

ಕೊನೆಯದು, ಬಂಗಾಳದಿಂದ ಬಂದು ನಗರ್ತಪೇಟೆಯಲ್ಲಿ ನೆಲೆಸಿರುವ ಕಾರಿಗರ್ ಒಬ್ಬರದು. ಅವರ ಕನ್ನಡ ನನ್ನ ಬಂಗಾಳಿಗಿಂತ ಬಹಳ ಚೆನ್ನಾಗಿದೆ. ಸೀಳಿದ ಪ್ಲಾಟಿನಂ ಅನ್ನು ಮತ್ತೆ ಕರಗಿಸಿದರೆ ಸರಿಹೋಗುತ್ತದೆಯೇ ಅಂತ ಅವರ ಪ್ರಶ್ನೆ.

ಸರಿಹೋಗುವುದಿಲ್ಲ ದಾದಾ. ಸೀಳಿದ ಕಡೆ ಮಾತ್ರ ಇದ್ದ ಕೊಳೆ ಕರಗಿಸಿದ ಮೇಲೆ ಇಡೀ ಗಟ್ಟಿಗೆ ಹರಡುತ್ತದೆ. ಒಳ್ಳೆಯ ಮಾಲಿನ ಜೊತೆ ಬೆರೆಸಿದರೆ ಅದೂ ಹಾಳು. ಸೀಳಿದ ತುಂಡು, ಅರದ ಪುಡಿ, ನೆಲ ಗುಡಿಸಿದ್ದು, ಇವನ್ನೆಲ್ಲ ಬೇರೆ ಡಬ್ಬಿಯಲ್ಲಿ ಹಾಕಿ ಹೆಸರು ಬರೆದಿಡಿ. ಆಮೇಲೆ ರಿಫೈನರಿಗೆ ಕೊಡಿ. ಅವರು ಆಸಿಡ್‌ನಲ್ಲಿ ಪೂರ್ತಿ ಕರಗಿಸಿ, ಪ್ಲಾಟಿನಂ ಒಂದನ್ನೇ ಬೇರ್ಪಡಿಸಿ ಕೊಡುತ್ತಾರೆ. ಅದಕ್ಕೆ ಕೂಲಿ ಆಗುತ್ತದೆ, ಒಂದಿಷ್ಟು ತೂಕವೂ ಕಳೆಯುತ್ತದೆ. ಚೊಕ್ಕ ಇರುವ ಕತ್ತರಿಸಿದ ತುಂಡುಗಳನ್ನು ಮಾತ್ರ, ಮೊದಲು ನೈಟ್ರಿಕ್‌ನಲ್ಲಿ ತೊಳೆದು, ನೀವೇ ಮತ್ತೆ ಕರಗಿಸಿಕೊಳ್ಳಬಹುದು.